ಹಳೇ ಮಿಲಿಟರಿ ಲೆದರ್ ಜಾಕೆಟ್ ಕೊಳ್ಳುವ ಮುಂಚೆ ಕಂಕುಳು ನೋಡಿ

ನನ್ನ ಮೊದಲ ಹಳೇ ಜಾಕೆಟ್ ಹರಿದದ್ದು ರೈಲಿನಲ್ಲಿ. ಬ್ಯಾಗನ್ನು ಮೇಲಿಡಲು ಕೈ ಎತ್ತಿದೆ, ಬೆನ್ನ ಹಿಂದೆ ಹಪ್ಪಳ ಮುರಿದ ಸದ್ದು ಬಂತು. ಹೊಲಿಗೆ ಬಿಟ್ಟಿರಲಿಲ್ಲ, ಚರ್ಮವೇ ಹೋಗಿತ್ತು, ಭುಜದಿಂದ ಕಂಕುಳಿನವರೆಗೆ. ಆನ್‌ಲೈನಿನಲ್ಲಿ ಕೊಂಡದ್ದು. ಮಾರಿದವನು ‘ವಯಸ್ಸಿಗೆ ತಕ್ಕ ಸವೆತ’ ಎಂದು ಬರೆದಿದ್ದ. ಕೊಳ್ಳುವಾಗ ನಾನು ಮಾಡಿದ್ದೇನು ಗೊತ್ತಾ? ತೋಳಿನ ತುದಿಯ ಕಫ್‌ನಲ್ಲಿ ತೂತಿದೆ ಅಂತ ಚೌಕಾಸಿ ಮಾಡಿ 40 ಡಾಲರ್ ಇಳಿಸಿಕೊಂಡು, ಭಾರೀ ವ್ಯಾಪಾರ ಮಾಡಿದೆ ಅಂತ ಬೀಗಿದ್ದೆ.

ಇಲ್ಲಿ ನ್ಯೂಜೆರ್ಸಿಗೆ ಬರುವ ನಮ್ಮ ಹುಡುಗರು ಮೊದಲ ಚಳಿಗಾಲದಲ್ಲೇ ಇಂಥ ಜಾಕೆಟ್ ಹುಡುಕಲು ಶುರು ಮಾಡುತ್ತಾರೆ. ಎಲ್ಲರೂ ಇದೇ ತಪ್ಪು ಮಾಡುತ್ತಾರೆ. ಹರಿದ ಕಫ್, ಕೆಟ್ಟ ಜಿಪ್, ಚಿಂದಿಯಾದ ಲೈನಿಂಗ್ ನೋಡಿ ಗಾಬರಿಯಾಗುತ್ತಾರೆ, ಚರ್ಮ ಮಾತ್ರ ‘ಹಳೇದು, ಹಾಗೇ ಇರುತ್ತೆ’ ಅಂತ ಬಿಡುತ್ತಾರೆ. ಇದು ಪೂರ್ತಿ ತಲೆಕೆಳಗು. ಕಫ್, ಜಿಪ್, ಲೈನಿಂಗ್ ಮೂರನ್ನೂ ಬದಲಾಯಿಸಬಹುದು. ಸತ್ತ ಚರ್ಮಕ್ಕೆ ಮದ್ದಿಲ್ಲ.

ಮೊದಲು ಯಾವ ಜಾಕೆಟ್ ಬೇಕು ಅಂತ ತೀರ್ಮಾನಿಸಿ. ಅಮೆರಿಕದ ಮಿಲಿಟರಿ ಜಾಕೆಟ್ ಅಂದರೆ ಹೆಚ್ಚಾಗಿ ಎರಡು ಹೆಸರು ಕೇಳುತ್ತೀರಿ. ಒಂದು ಎ-2, ಸೇನೆಯ ವಾಯುಪಡೆಯದು. 1931ರಲ್ಲಿ ಬಂತು, ಎರಡನೇ ಮಹಾಯುದ್ಧದ ನಡುವೆಯೇ 1943ರಲ್ಲಿ ನಿಲ್ಲಿಸಿದರು. ಹೆಚ್ಚಿನವು ಕುದುರೆ ಚರ್ಮ, ಕೆಲವು ಮೇಕೆ ಚರ್ಮ. ಇನ್ನೊಂದು ಜಿ-1, ನೌಕಾಪಡೆಯ ಪೈಲಟ್‌ಗಳದು. ಹೆಚ್ಚಾಗಿ ಮೇಕೆ ಚರ್ಮ, ಕಾಲರ್‌ಗೆ ಕುರಿಯ ತುಪ್ಪಳ, ಕೈ ಚಾಚಲು ಅನುಕೂಲವಾಗಲಿ ಅಂತ ಬೆನ್ನಿನಲ್ಲಿ ಮಡಿಕೆ. ಜಿ-1 ಎಂಬ ಹೆಸರು ಬಂದದ್ದು 1947ರಲ್ಲಿ, ಆಮೇಲೆ ದಶಕಗಟ್ಟಲೆ ಹೊಲಿದರು, ಹಾಗಾಗಿ ಸಿಗುವುದೂ ಜಾಸ್ತಿ.

ನನ್ನ ಮಾತು ಕೇಳುವುದಾದರೆ, ಮೊದಲ ಸಲ ಕೊಳ್ಳುವವರು 1960 ಅಥವಾ 70ರ ದಶಕದ ಜಿ-1 ಕೊಳ್ಳಿ. ಯುದ್ಧಕಾಲದ ಎ-2 ಹಾಕಿಕೊಳ್ಳುವ ಬಟ್ಟೆಯಾಗಿ ಉಳಿದಿಲ್ಲ, ಅದು ಸಂಗ್ರಹಕಾರರ ವಸ್ತು. ಬೆಲೆಯೂ ಹಾಗೇ ಇರುತ್ತದೆ. ಎ-2 ಆಕಾರವೇ ಬೇಕು ಅಂತ ಹಟವಿದ್ದರೆ, 1988ರಲ್ಲಿ ವಾಯುಪಡೆ ಮತ್ತೆ ಕೊಡಲು ಶುರು ಮಾಡಿದ ಮೇಕೆ ಚರ್ಮದ್ದು ನೋಡಿ, ಅಥವಾ ಒಳ್ಳೆಯ ನಕಲನ್ನೇ ಕೊಳ್ಳಿ. ಸ್ಕಾಟ್ಲೆಂಡ್‌ನ ಏರೋ ಲೆದರ್, ಜಪಾನಿನ ರಿಯಲ್ ಮೆಕಾಯ್ಸ್ ಮಾಡುವ ನಕಲುಗಳನ್ನು ಸೆಕೆಂಡ್‌ಹ್ಯಾಂಡಿನಲ್ಲಿ ಕೊಂಡರೆ ಅವು ನಿಮಗಿಂತ ಹೆಚ್ಚು ಕಾಲ ಬಾಳುತ್ತವೆ.

ಎಲ್ಲಿ ಕೊಳ್ಳುವುದು? ಕೈಯಲ್ಲಿ ಮುಟ್ಟಿ ನೋಡುವ ಕಡೆ. ಮ್ಯಾಸಚೂಸೆಟ್ಸ್‌ನ ಬ್ರಿಮ್‌ಫೀಲ್ಡ್‌ನಲ್ಲಿ ಮೇ, ಜುಲೈ, ಸೆಪ್ಟೆಂಬರ್‌ನಲ್ಲಿ ಹಳೇ ಸಾಮಾನಿನ ದೊಡ್ಡ ಸಂತೆ ನಡೆಯುತ್ತದೆ. ಕ್ಯಾಲಿಫೋರ್ನಿಯಾದವರಿಗೆ ಪ್ಯಾಸಡೀನಾದ ರೋಸ್ ಬೌಲ್ ಸಂತೆ ಇದೆ, ಪ್ರತಿ ತಿಂಗಳ ಎರಡನೇ ಭಾನುವಾರ. ಬೆಳಿಗ್ಗೆ ಬೇಗ ಹೋಗಿ.

ಈಗ ಮುಖ್ಯ ವಿಷಯ, ಚರ್ಮ. ಇಲ್ಲಿ ಅವಸರ ಮಾಡಬೇಡಿ. ಮೇಲ್ಮೈ ಸವೆದಿರುವುದು, ಬಣ್ಣ ಹಾರಿರುವುದು, ಮೊಣಕೈ ಹತ್ತಿರ ಸಣ್ಣ ಸುಕ್ಕು, ಜೇಬಿನ ಅಂಚಿನಲ್ಲಿ ನಸು ಕಂದು ಕಾಣುವುದು, ಇವೆಲ್ಲ ಒಳ್ಳೆಯ ಲಕ್ಷಣಗಳೇ. ಜನ ಹಳೇ ಜಾಕೆಟ್ ಇಷ್ಟಪಡುವುದು ಇದಕ್ಕೇ ಅಲ್ವಾ? ಆದರೆ ಸುಕ್ಕಿನ ಗೆರೆ ಬಿರುಕಾಗಿದೆಯೇ, ಬಿರುಕು ಎಷ್ಟು ಆಳಕ್ಕೆ ಇಳಿದಿದೆ ಅಂತ ನೋಡಬೇಕು. ಜಾಕೆಟ್ಟಿನ ಕೆಳಗಿನ ಅಂಚಿನ ಹತ್ತಿರ ಚರ್ಮವನ್ನು ಎರಡು ಬೆರಳಿನಲ್ಲಿ ಹಿಡಿದು ಮೆಲ್ಲಗೆ ಮಡಚಿ. ಜೀವ ಇರುವ ಚರ್ಮ ಮಡಚಿದಾಗ ಸಣ್ಣ ಸಣ್ಣ ನಿರಿಗೆ ಬಿದ್ದು, ಬಿಟ್ಟಾಗ ಮತ್ತೆ ಚಪ್ಪಟೆಯಾಗುತ್ತದೆ. ಸತ್ತ ಚರ್ಮ ರಟ್ಟಿನ ಹಾಗೆ ಒಂದೇ ಗೆರೆಯಲ್ಲಿ ಮಡಚಿಕೊಳ್ಳುತ್ತದೆ, ಕೆಲವು ಸಲ ಸಣ್ಣಗೆ ಚರಕ್ ಅನ್ನುತ್ತದೆ. ಆ ಸದ್ದು ಕೇಳಿದರೆ ಜಾಕೆಟ್ ಕೆಳಗಿಟ್ಟು ಮುಂದಿನ ಅಂಗಡಿಗೆ ಹೋಗಿ, ಬೆಲೆ ಎಷ್ಟು ಅಂತ ಕೂಡ ಕೇಳಬೇಡಿ.

ಆಮೇಲೆ ಕಂಕುಳು. ತೋಳನ್ನು ಮೇಲೆತ್ತಿ ಹೊಲಿಗೆಯ ಎರಡೂ ಬದಿ ನೋಡಿ. ಎಷ್ಟೋ ವರ್ಷದ ಬೆವರಿನ ಉಪ್ಪು ಕೂತ ಜಾಗ ಅದು, ಗಡುಸಾಗಿ ಕಪ್ಪಾಗಿರುತ್ತದೆ. ಬೆರಳಿಟ್ಟು ಒತ್ತಿದರೆ ಬಾಗಬೇಕು. ಹೊಲಿಗೆಯ ಸೂಜಿತೂತುಗಳು ಒಂದಕ್ಕೊಂದು ಸೇರಿ ಉದ್ದ ಸೀಳಾಗಿದ್ದರೆ, ಅಲ್ಲಿ ಮತ್ತೆ ಹೊಲಿಯಲು ಆಗುವುದಿಲ್ಲ. ಯಾಕೆಂದರೆ ದಾರ ಹಿಡಿದುಕೊಳ್ಳಲು ಅಲ್ಲಿ ಚರ್ಮವೇ ಇಲ್ಲ. ‘ಟೈಲರ್ ಒಂದು ಹೊಲಿಗೆ ಹಾಕಿದರೆ ಸರಿಹೋಗುತ್ತೆ’ ಅಂತ ಮಾರುವವನು ಹೇಳೇ ಹೇಳುತ್ತಾನೆ. ಎತ್ತು ಕರು ಹಾಕಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದ ಹಾಗೆ ತಲೆಯಾಡಿಸಬೇಡಿ.

ನಂತರ ಭುಜದ ಮೇಲ್ಭಾಗ. ಎ-2, ಜಿ-1 ಸಣ್ಣ ತೂಕದ ಬಟ್ಟೆಗಳಲ್ಲ. ಅವನ್ನು 30 ವರ್ಷ ತಂತಿಯ ಹ್ಯಾಂಗರಿಗೆ ತಗುಲಿಹಾಕಿದರೆ ಎಲ್ಲ ಭಾರವೂ ಎರಡು ಗೆರೆಗಳ ಮೇಲೆ ಬೀಳುತ್ತದೆ. ನನ್ನದು ಹರಿದದ್ದು ಅಲ್ಲಿಂದಲೇ. ಹೊರಗಿನಿಂದ ಏನೂ ಕಾಣುತ್ತಿರಲಿಲ್ಲ, ಹ್ಯಾಂಗರ್ ಕೂತಿದ್ದ ಜಾಗದಲ್ಲಿ ಒಂದು ಉಬ್ಬು ಮಾತ್ರ ಇತ್ತು. ಜಾಕೆಟ್ಟನ್ನು ಹ್ಯಾಂಗರಿನಿಂದ ತೆಗೆದು, ಮೇಜಿನ ಮೇಲೆ ಹರಡಿ, ಆ ಉಬ್ಬನ್ನು ಎರಡು ಕಡೆಯಿಂದ ಮೆಲ್ಲಗೆ ಎಳೆದು ನೋಡಿ.

ಕೊನೆಗೆ ಬಿಳಿ ಕರ್ಚೀಫು. ಜೇಬಿನ ಮುಚ್ಚಳ ಎತ್ತಿ ಅದರ ಒಳಬದಿಗೆ ಉಜ್ಜಿ. ಕುಂಕುಮವೋ ಇಟ್ಟಿಗೆ ಪುಡಿಯೋ ಅನ್ನುವಂಥ ಕೆಂಪು ಪುಡಿ ಬಂದರೆ ಚರ್ಮ ಒಳಗಿನಿಂದ ಕೊಳೆಯುತ್ತಿದೆ ಅಂತ. ಇದಕ್ಕೆ ರೆಡ್ ರಾಟ್ ಅನ್ನುತ್ತಾರೆ. ಮರದ ತೊಗಟೆಯ ಸಾರದಲ್ಲಿ ಹದ ಮಾಡಿದ ಹಳೇ ಚರ್ಮಕ್ಕೆ ಗಾಳಿಯಲ್ಲಿನ ಗಂಧಕದ ಅನಿಲ ತಾಗಿ, ಆಮ್ಲವಾಗಿ, ಎಳೆಗಳೇ ಪುಡಿಯಾಗುತ್ತವೆ. ಹಳೇ ಪುಸ್ತಕಗಳ ಚರ್ಮದ ರಟ್ಟಿಗೂ ಇದೇ ಗತಿ. ಪುಡಿ ಉದುರದ ಹಾಗೆ ತಡೆಯಬಹುದು, ಚರ್ಮ ಮಾತ್ರ ಮೊದಲಿನಂತಾಗುವುದಿಲ್ಲ.

ಕರ್ಚೀಫಿಗೆ ಪುಡಿಯ ಬದಲು ಬಣ್ಣ ಹತ್ತಿದರೆ ಅದು ಬೇರೆ ಕಥೆ, ಮಾರುವವನು ಬಣ್ಣ ಬಳಿದಿದ್ದಾನೆ. ಬಿರುಕು ಮುಚ್ಚಲು ಶೂ ಪಾಲಿಶ್ ಹಚ್ಚುವುದು ಹಳೇ ಚಾಳಿ. ಅದನ್ನು ಹಿಡಿಯಲು ಚರ್ಮ ನೋಡಬೇಡಿ, ದಾರ ನೋಡಿ. ಹೊಲಿಗೆಯ ದಾರಕ್ಕೂ, ಜಿಪ್ಪಿನ ಪಟ್ಟಿಗೂ, ಲೇಬಲ್ಲಿನ ಅಂಚಿಗೂ ಅದೇ ಕಂದು ಬಣ್ಣ ಮೆತ್ತಿದ್ದರೆ ಬ್ರಷ್ ಓಡಾಡಿದೆ ಅಂತಲೇ ಅರ್ಥ. ಒಂದು ವಿನಾಯಿತಿ ಇದೆ: ಯುದ್ಧಕಾಲದಲ್ಲಿ ಸೇನೆಯವರೇ ಕೆಲವು ಎ-2ಗಳಿಗೆ ಮತ್ತೆ ಬಣ್ಣ ಹಾಕಿ ಕೊಟ್ಟಿದ್ದರು. ಆ ಬಣ್ಣ ಜಾಕೆಟ್ಟಿನ ಜೊತೆಗೇ ಸವೆದಿರುತ್ತದೆ, ಕೈಗೆ ಅಂಟುವುದಿಲ್ಲ.

ಆನ್‌ಲೈನಿನಲ್ಲೇ ಕೊಳ್ಳುವುದಾದರೆ ಇದನ್ನೆಲ್ಲ ಮಾರುವವನ ಕೈಯಲ್ಲೇ ಮಾಡಿಸಿ. ತೋಳು ಮಡಚುವ, ಕಂಕುಳು ತೆರೆಯುವ ವೀಡಿಯೋ ಕೇಳಿ. ಕಳಿಸಲು ಸಬೂಬು ಹೇಳಿದರೆ ಬಿಟ್ಟುಬಿಡಿ. ಒಳ್ಳೆಯ ಜಾಕೆಟ್ ಇದ್ದವರು ಎರಡು ನಿಮಿಷದ ವೀಡಿಯೋಗೆ ಹಿಂದೆಮುಂದೆ ನೋಡುವುದಿಲ್ಲ.

ಅಳತೆಯಲ್ಲಿ ಎಡವುವವರೂ ಕಡಿಮೆ ಇಲ್ಲ. ಲೇಬಲ್ಲಿನಲ್ಲಿ 42 ಅಂತ ಇದ್ದರೆ ಅದನ್ನು ನಂಬಬೇಡಿ. ಆಗಿನವರು ಮೈಗೆ ಅಂಟಿದ ಹಾಗೆ ಹಾಕುತ್ತಿದ್ದರು, ಮೇಲಿಂದ ಚರ್ಮವೂ ವರ್ಷಗಳಲ್ಲಿ ಕುಗ್ಗಿರುತ್ತದೆ. ನಿಮಗೆ ಸರಿಯಾಗಿ ಕೂರುವ ಒಂದು ಜಾಕೆಟ್ ಮನೆಯಲ್ಲಿದ್ದರೆ ಅದನ್ನೇ ಅಳೆಯಿರಿ. ನಾಲ್ಕು ಅಳತೆ ಸಾಕು: ಜಿಪ್ ಹಾಕಿ ಮಲಗಿಸಿ ಒಂದು ಕಂಕುಳಿನಿಂದ ಇನ್ನೊಂದಕ್ಕೆ, ಭುಜದ ಹೊಲಿಗೆಯಿಂದ ಹೊಲಿಗೆಗೆ, ಭುಜದಿಂದ ಕಫ್‌ನ ತುದಿಗೆ, ಕಾಲರಿನ ಬುಡದಿಂದ ಕೆಳಗಿನ ಪಟ್ಟಿಯ ತುದಿಗೆ. ನಿಮ್ಮ ಎದೆ 38 ಇಂಚಾದರೆ ಕಂಕುಳಿಂದ ಕಂಕುಳಿಗೆ ಕನಿಷ್ಠ 21 ಇರಲಿ, ಒಳಗೆ ಸ್ವೆಟರ್ ಹಾಕುವವರಿಗೆ 22. ಉದ್ದ ಗಿಡ್ಡ ಅನ್ನಿಸುತ್ತದೆ, ಅದು ಹಾಗೇ. ಸೊಂಟಕ್ಕೇ ನಿಲ್ಲುವ ಜಾಕೆಟ್ ಅದು, ವಿಮಾನದಲ್ಲಿ ಕೂತವರಿಗೆ ಅಂತ ಹೊಲಿದದ್ದು. ಭುಜ ಬಿಗಿಯಾದರೆ ಮಾತ್ರ ರಾಜಿ ಬೇಡ, ‘ಹಾಕ್ತಾ ಹಾಕ್ತಾ ಸಡಿಲ ಆಗುತ್ತೆ’ ಅನ್ನುವುದು ಹೊಸ ಚರ್ಮದ ಮಾತು. 60 ವರ್ಷದ ಚರ್ಮ ಸಡಿಲವಾಗುವುದಿಲ್ಲ, ಹರಿಯುತ್ತದೆ.

ಅಸಲಿಯೋ ನಕಲಿಯೋ ಅನ್ನುವುದು ಇದಕ್ಕಿಂತ ಸುಲಭ. ಯುದ್ಧಕಾಲದ ಎ-2ಗೆ ಬೆನ್ನು ಒಂದೇ ತುಂಡು, ಕೈ ಬೆಚ್ಚಗಿಡುವ ಪಕ್ಕದ ಜೇಬಿಲ್ಲ, ಒಳಜೇಬಿಲ್ಲ. ಲೇಬಲ್ಲಿನಲ್ಲಿ 30-1415 ಎಂಬ ನಕ್ಷೆ ಸಂಖ್ಯೆ ಇರುತ್ತದೆ. ಬೆನ್ನಿನಲ್ಲಿ ನಾಲ್ಕು ತುಂಡು, ಒಳಗೆ ‘ಡ್ರೈಕ್ಲೀನ್ ಮಾತ್ರ’ ಎಂಬ ಚೀಟಿ ಇದ್ದರೆ ಅದು ಮಾಲ್‌ನ ಜಾಕೆಟ್. ಜಿ-1 ಆದರೆ ಲೇಬಲ್ಲಿನಲ್ಲಿ ಮಿಲ್-ಜೆ-7823 ಎಂಬ ಸಾಲು ಹುಡುಕಿ, ಅದರ ಕೊನೆಯ ಇಂಗ್ಲಿಷ್ ಅಕ್ಷರ ಎ, ಬಿ, ಸಿ ಅಂತ ಮುಂದೆ ಹೋದಷ್ಟೂ ಜಾಕೆಟ್ ಈಚಿನದು. ಜಿಪ್ಪಿನ ಹಿಂದಿನ ಪಟ್ಟಿಯಲ್ಲಿ ಯುಎಸ್‌ಎನ್ (ಅಮೆರಿಕದ ನೌಕಾಪಡೆ) ಎಂಬ ಅಕ್ಷರಗಳನ್ನು ತೂತುಗಳಲ್ಲಿ ಕೊರೆದಿರುತ್ತಾರೆ. ನಕಲು ಮಾಡುವವರೂ ಈಗ ಅದನ್ನು ಕೊರೆಯುತ್ತಾರೆ, ಹಾಗಾಗಿ ಅದೊಂದನ್ನೇ ನೋಡಿ ದುಡ್ಡು ಕೊಡಬೇಡಿ.

ಬೆನ್ನಿನ ಮೇಲೆ ಚಿತ್ರ ಬರೆದ, ಬಾಂಬುಗಳ ಲೆಕ್ಕ ಹಾಕಿದ ಎ-2 ಸಿಕ್ಕರೆ ನಿಮ್ಮ ಕೈ ತಾನಾಗಿ ಪರ್ಸಿಗೆ ಹೋಗುತ್ತದೆ. ಹೋಗಲು ಬಿಡಬೇಡಿ. ಚಿತ್ರಕ್ಕೆ ಬೆಲೆ ಜಾಸ್ತಿ, ಅದಕ್ಕೇ ಖಾಲಿ ಜಾಕೆಟ್ಟಿಗೆ ಈಚೆಗೆ ಬರೆದದ್ದೂ ಜಾಸ್ತಿ. ಹಳೇ ಬಣ್ಣ ಚರ್ಮದ ಜೊತೆಗೇ ಬಿರುಕು ಬಿಟ್ಟಿರುತ್ತದೆ, ಹೊಸ ಬಣ್ಣ ಬಿರುಕಿನ ಒಳಗೆ ಇಳಿದು ಕೂತಿರುತ್ತದೆ. ನಮ್ಮ ದೇಶದ ನಂಟಿರುವುದೂ ಇಲ್ಲೇ. ಯುದ್ಧದ ಕಾಲದಲ್ಲಿ ಚೀನಾ-ಬರ್ಮಾ-ಇಂಡಿಯಾ ರಂಗದಲ್ಲಿದ್ದ ಅಮೆರಿಕನ್ ವೈಮಾನಿಕರು ತಮ್ಮ ದಳದ ಲಾಂಛನವನ್ನು ಭಾರತದ ದರ್ಜಿಗಳ ಹತ್ತಿರ ಚರ್ಮದ ತುಂಡುಗಳಲ್ಲಿ ಹೊಲಿಸಿಕೊಳ್ಳುತ್ತಿದ್ದರು. ಬೆಂಗಳೂರಿನ ಎಚ್‌ಎಎಲ್ ಕಾರ್ಖಾನೆಯಲ್ಲಿ ಆಗ ಅವರ ವಿಮಾನಗಳ ರಿಪೇರಿ ನಡೆಯುತ್ತಿತ್ತು. ಆ ಲಾಂಛನ ಇರುವ ಜಾಕೆಟ್ ನನಗೂ ಆಸೆ. ಆದರೆ ಅದರಲ್ಲೂ ನಕಲಿ ಹೇರಳ, ಗೊತ್ತಿರುವವರು ಜೊತೆಗಿಲ್ಲದೆ ನಾನು ಮುಟ್ಟುವುದಿಲ್ಲ.

ಚೌಕಾಸಿ ಈಗ ಮಾಡಿ. ಕಫ್‌ಗೆ ನುಸಿ ಹಿಡಿದಿದೆ, ಜಿಪ್ ಕೂರುತ್ತಿಲ್ಲ, ಲೈನಿಂಗ್ ಹರಿದಿದೆ, ಎಲ್ಲವನ್ನೂ ಹೇಳಿ ಬೆಲೆ ಇಳಿಸಿ. ಕಫ್ ಹಾಕಿಸುವಾಗ ಉಣ್ಣೆಯದೇ ಹಾಕಿಸಿ, ಸಿಂಥೆಟಿಕ್ ಕಫ್ ಒಂದೇ ಚಳಿಗಾಲದಲ್ಲಿ ಜೋತುಬೀಳುತ್ತದೆ. ಟಾಲನ್ ಕಂಪನಿಯ ಹಳೇ ಜಿಪ್ ನಡೆಯುತ್ತಿದ್ದರೆ ಮಾತ್ರ ಅದನ್ನು ತೆಗೆಸಬೇಡಿ, ಸ್ವಲ್ಪ ಮೇಣ ಉಜ್ಜಿದರೆ ಸಾಕು.

ಮನೆಗೆ ತಂದ ಕೂಡಲೇ ಎಣ್ಣೆ ಡಬ್ಬಿ ತೆರೆಯುವವರಿಗೆ ಒಂದು ಮಾತು: ಬೇಡ. ಮಿಂಕ್ ಆಯಿಲ್, ನೀಟ್ಸ್‌ಫೂಟ್ ಆಯಿಲ್ ಅಂತ ಮಾರುವುದೆಲ್ಲ ಚರ್ಮವನ್ನು ಕಪ್ಪು ಮಾಡಿ, ಹೊಲಿಗೆಗೆ ಇಳಿದು, ದುರ್ಬಲ ಜಾಗವನ್ನು ಇನ್ನಷ್ಟು ಮೆತ್ತಗೆ ಮಾಡುತ್ತವೆ. ಒದ್ದೆ ಮಾಡಿ ಗಟ್ಟಿಯಾಗಿ ಹಿಂಡಿದ ಬಟ್ಟೆಯಲ್ಲಿ ಒರೆಸಿ, ನೆರಳಿನಲ್ಲಿ ಗಾಳಿಗೆ ಹಾಕಿ, ಅಷ್ಟೇ. ಕಫ್‌ನಲ್ಲಿ ನುಸಿಯ ಅನುಮಾನ ಇದ್ದರೆ ಕವರಿನಲ್ಲಿ ಬಿಗಿಯಾಗಿ ಕಟ್ಟಿ ಎರಡು ವಾರ ಫ್ರೀಜರಿನಲ್ಲಿಡಿ. ಮನೆಯವರಿಗೆ ಮೊದಲೇ ಹೇಳಿ. ಅಗಲ ಭುಜದ ಮರದ ಹ್ಯಾಂಗರ್ ತನ್ನಿ, ಪ್ಲಾಸ್ಟಿಕ್ ಕವರ್ ಹಾಕಬೇಡಿ.

ಊರಿಗೆ ಒಯ್ಯುವ ಯೋಚನೆ ಇದ್ದವರಿಗೆ: ನನ್ನದೊಂದು ಜಿ-1 ಅನ್ನು ಸಾಗರದ ಅಕ್ಕನ ಮನೆಯ ಬೀರುವಿನಲ್ಲಿ ಒಂದು ಮಳೆಗಾಲ ಬಿಟ್ಟಿದ್ದೆ. ವಾಪಸು ಹೋದಾಗ ಕಾಲರಿನ ತುಪ್ಪಳದ ಮೇಲೆಲ್ಲ ಬೂಷ್ಟು. ಅಂಗಳಕ್ಕೆ ತಂದು ಒಣ ಬ್ರಷ್ಷಿನಲ್ಲಿ ಉಜ್ಜಿ, ನಾಲ್ಕು ದಿನ ಫ್ಯಾನಿನ ಗಾಳಿಗೆ ಇಟ್ಟ ಮೇಲೆ ಸರಿಹೋಯಿತು. ಮತ್ತೆ ಬೀರುವಿಗೆ ಇಡಲು ಅಕ್ಕ ಬಿಡಲಿಲ್ಲ. ಈಗ ಬೆಳಿಗ್ಗೆ ಹಾಲು ತರಲು ಹೋಗುವಾಗ ಭಾವ ಹಾಕಿಕೊಂಡು ಹೋಗುತ್ತಾರೆ. ಆಮೇಲೆ ಒಂದು ಸಲವೂ ಬೂಷ್ಟು ಹಿಡಿದಿಲ್ಲ.