ಕ್ಲ್ಯಾಂಪ್ ಇಲ್ಲದೆ ಶೀಟ್ ಹಿಡಿಯುವುದು: ಹವ್ಯಾಸಿ ಸಿಎನ್‌ಸಿಗೆ ವ್ಯಾಕ್ಯೂಮ್ ಟೇಬಲ್

ಸಿಎನ್‌ಸಿ ಅಂದರೆ ಕಂಪ್ಯೂಟರ್ ನಡೆಸುವ ಕೆತ್ತನೆ ಮಷೀನು. ಅದರಲ್ಲಿ ತೆಳು ಶೀಟ್ ಕೆತ್ತಲು ಹೊರಟ ಸಿಎನ್‌ಸಿ ಹವ್ಯಾಸಿಗಳಿಗೆಲ್ಲ ತಲೆನೋವು ಒಂದೇ. 2 ಮಿ.ಮೀ. ಅಕ್ರಿಲಿಕ್ ಶೀಟಿನ ನಾಲ್ಕು ಮೂಲೆಗೂ ಕ್ಲ್ಯಾಂಪ್ ಬಿಗಿದರೆ ನಡು ಉಬ್ಬುತ್ತದೆ. ಅಕ್ಷರ ಕೆತ್ತಿದರೆ ಒಂದು ಕಡೆ ಆಳ, ಇನ್ನೊಂದು ಕಡೆ ಬರೀ ಗೀರು. ಕಟರ್ ಕ್ಲ್ಯಾಂಪಿಗೇ ಬಡಿಯುವ ಭಯ ಬೇರೆ. ಶೀಟಿನ ಕೆಳಗಿನ ಗಾಳಿಯನ್ನು ಪಂಪಿನಿಂದ ತೆಗೆದು ಅದನ್ನು ಹಿಡಿದಿಡುವ ಹಲಗೆ, ಅಂದರೆ ವ್ಯಾಕ್ಯೂಮ್ ಟೇಬಲ್, ಇದಕ್ಕೆ ಒಳ್ಳೆಯ ಮದ್ದು. ಆದರೆ ಎಲ್ಲ ಕೆಲಸಕ್ಕೂ ಅಲ್ಲ.

ಮೊದಲು ಲೆಕ್ಕ ಹಾಕಿ

ಟೇಬಲ್ ಶೀಟನ್ನು ಕೆಳಗೆ ಎಳೆಯುತ್ತದೆ ಅಂತ ಅನಿಸುತ್ತದೆ, ಅಲ್ವಾ? ನಿಜವಾಗಿ ದುಡಿಯುವುದು ಮೇಲಿನ ಗಾಳಿ. ಕೆಳಗಿನ ಗಾಳಿ ತೆಗೆದರೆ ಮೇಲಿನದು ಒತ್ತುತ್ತದೆ, ಅಷ್ಟೇ. ಸಮುದ್ರಮಟ್ಟದಲ್ಲಿ ಆ ಒತ್ತಡ ಚದರ ಸೆಂಟಿಮೀಟರಿಗೆ ಸುಮಾರು 1 ಕಿಲೋ. ಎಷ್ಟೇ ದುಬಾರಿ ಪಂಪ್ ತಂದರೂ ಅದಕ್ಕಿಂತ ಜಾಸ್ತಿ ಸಿಗದು.

ಪಂಪ್ ಶೇ 80ರಷ್ಟು ಗಾಳಿ ತೆಗೆಯಿತು ಅಂದುಕೊಳ್ಳಿ. 20×20 ಸೆಂ.ಮೀ. ಶೀಟಿನ ಮೇಲೆ 320 ಕಿಲೋ ಒತ್ತಡ ಬಿತ್ತು. 4×4 ಸೆಂ.ಮೀ. ತುಂಡಿಗಾದರೆ ಬರೀ 13 ಕಿಲೋ. ಕಟರ್ ನೂಕುವುದು ಮುಖ್ಯವಾಗಿ ಪಕ್ಕಕ್ಕೆ. ಅದನ್ನು ತಡೆಯುವುದು ಘರ್ಷಣೆ, ಅಂದರೆ ಈ ಒತ್ತಡದ ನಾಲ್ಕನೇ ಅಥವಾ ಐದನೇ ಒಂದು ಭಾಗ. ಸಣ್ಣ ತುಂಡಿಗೆ ಉಳಿಯುವುದು ಸುಮಾರು 3 ಕಿಲೋ. ಬೆರಳಲ್ಲಿ ನೂಕಿದರೂ ಜಾರುತ್ತದೆ. ಹಾಗಾಗಿ ಅಗಲವಾದ ಶೀಟಿಗೆ ವ್ಯಾಕ್ಯೂಮ್, ಚಿಕ್ಕ ತುಂಡಿಗೆ ವೈಸ್ (ಬಿಗಿಯುವ ಇಕ್ಕಳ) ಅಥವಾ ಎರಡೂ ಬದಿ ಅಂಟುವ ಟೇಪ್.

ಪಂಪ್ ಯಾವುದು?

ವ್ಯಾಕ್ಯೂಮ್ ಕ್ಲೀನರ್ ಮೋಟರು ಗಾಳಿಯನ್ನು ಜಾಸ್ತಿ ಎಳೆಯುತ್ತದೆ, ಆದರೆ ಒತ್ತಡ ಸಿಗುವುದು ಚದರ ಸೆಂಟಿಮೀಟರಿಗೆ 200 ಗ್ರಾಂ ಆಸುಪಾಸು. ಗಾಳಿ ಸೋರುವ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಟೇಬಲ್ಲಿಗೆ ಅದು ಸರಿ. ಒಂದು ಎಚ್ಚರ: ಇಂಥ ಹಲವು ಮೋಟರುಗಳು ತಣ್ಣಗಾಗುವುದು ತಾವು ಎಳೆದ ಗಾಳಿಯಿಂದಲೇ. ಶೀಟ್ ಪೂರ್ತಿ ಮುಚ್ಚಿಕೊಂಡರೆ ಮೋಟರು ಸುಟ್ಟೀತು. ಪೈಪಿನಲ್ಲಿ ಗಾಳಿ ಬರಲು ಸಣ್ಣ ತೂತು ಬಿಡಿ.

ಫ್ರಿಜ್ ರಿಪೇರಿಯವರು ಬಳಸುವ ರೋಟರಿ ಪಂಪ್ ಇದಕ್ಕೆ ತದ್ವಿರುದ್ಧ. ಒತ್ತಡ ಪೂರ್ತಿ ಕೊಡುತ್ತದೆ, ಎಳೆಯುವ ಗಾಳಿ ಮಾತ್ರ ಕಡಿಮೆ. ಸೋರಿಕೆಯನ್ನು ಸಹಿಸುವುದಿಲ್ಲ. ಜಾಸ್ತಿ ಸೋರಿದರೆ ಎಣ್ಣೆಯ ಹೊಗೆ ಕಾರುತ್ತದೆ. ರಬ್ಬರ್ ಸೀಲ್ ಇರುವ ಟೇಬಲ್ಲಿಗೆ ನನ್ನ ಮತ ಇದಕ್ಕೇ. ಪಂಪಿಗೆ ಮುಂಚೆ ಒಂದು ಫಿಲ್ಟರ್, ನೀರು ಹಿಡಿಯುವ ಒಂದು ಡಬ್ಬಿ ಇರಲೇಬೇಕು. ಇಲ್ಲದಿದ್ದರೆ ಧೂಳು, ಕೂಲೆಂಟ್ (ಕಟರ್ ತಣಿಸುವ ದ್ರವ) ಎಲ್ಲ ಪಂಪಿನ ಹೊಟ್ಟೆ ಸೇರುತ್ತವೆ.

ಟೇಬಲ್ ಮಾಡುವುದು

20 ಮಿ.ಮೀ. ದಪ್ಪದ ಅಲ್ಯೂಮಿನಿಯಂ ಅಥವಾ ಎಚ್‌ಡಿಪಿಇ (ಗಟ್ಟಿ ಪ್ಲಾಸ್ಟಿಕ್) ಹಲಗೆ ಸಾಕು. ಅದನ್ನು ನಿಮ್ಮ ಮಷೀನಿನ ಮೇಲೆ ಬೋಲ್ಟ್ ಹಾಕಿ ಕೂರಿಸಿ, ಅದೇ ಮಷೀನಿನಿಂದ ಮೇಲ್ಮೈ ಸವರಿ. ಆಗ ಟೇಬಲ್ಲಿನ ಮೇಲ್ಮೈ, ಸ್ಪಿಂಡಲ್ (ಕಟರ್ ತಿರುಗಿಸುವ ಭಾಗ) ಓಡಾಡುವ ಮಟ್ಟಕ್ಕೆ ಸಮಾನಾಂತರವಾಗುತ್ತದೆ.

ಆಮೇಲೆ 25 ಮಿ.ಮೀ. ಅಂತರದಲ್ಲಿ ಉದ್ದಕ್ಕೂ ಅಡ್ಡಕ್ಕೂ ಗ್ರೂವ್ ತೆಗೆಯಿರಿ. ಅಗಲ 4 ಮಿ.ಮೀ., ಆಳ 3 ಮಿ.ಮೀ. ಎಲ್ಲದರಲ್ಲೂ ಅಲ್ಲ, ಶೀಟಿನ ಅಂಚಿನ ಒಳಗೆ ಸುತ್ತಲೂ ಬರುವ ಗ್ರೂವಿನಲ್ಲಿ ಮಾತ್ರ 4 ಮಿ.ಮೀ. ಸ್ಪಂಜ್ ರಬ್ಬರ್ ಹುರಿ ಕೂರಿಸಿದರೆ 1 ಮಿ.ಮೀ. ಮೇಲೆ ಕಾಣುತ್ತದೆ. ಪಂಪ್ ಓಡಿದಾಗ ಅದು ಅಮುಕಿ ಟೇಬಲ್ ಮಟ್ಟಕ್ಕೆ ಇಳಿಯಬೇಕು, ಶೀಟು ಹಲಗೆಯ ಮೇಲೇ ಕೂರಬೇಕು. ಗಟ್ಟಿ ರಬ್ಬರ್ ಹಾಕಿದರೆ ಶೀಟು ಅದರ ಮೇಲೆ ತೇಲುತ್ತದೆ, ಕೆತ್ತುವಾಗ ಅಲುಗುತ್ತದೆ. ಹುರಿಯ ಎರಡು ತುದಿ ಸೇರುವ ಜಾಗವೇ ಸೋರಿಕೆಯ ತವರು. ಹುರಿಯನ್ನು ಬೇಕಾದ್ದಕ್ಕಿಂತ ಅರ್ಧ ಮಿ.ಮೀ. ಜಾಸ್ತಿ ಉದ್ದವಾಗಿಯೇ ಕತ್ತರಿಸಿ, ತುದಿಗಳು ಒಂದನ್ನೊಂದು ಒತ್ತುವಂತೆ ಕೂರಿಸಿ.

ಗಾಳಿ ಎಳೆಯುವ ತೂತು ಹುರಿಯ ಸುತ್ತಿನೊಳಗೇ ಇರಲಿ. ಪೈಪಿಗೆ ಬಾಲ್ ವಾಲ್ವ್, ಒತ್ತಡ ತೋರಿಸುವ ಗೇಜ್ ಹಾಕಿ. ಗೇಜ್ ಬಿಟ್ಟು ದುಡ್ಡು ಉಳಿಸುವವರನ್ನು ಕಂಡರೆ ನನಗೆ ಆಶ್ಚರ್ಯ. ಕಣ್ಣಿಗೆ ಕಾಣದ ಹಿಡಿತವನ್ನು ತೋರಿಸುವುದು ಅದೊಂದೇ.

ಸೋರಿಕೆ ನೋಡುವುದು

ಶೀಟಿನ ತಳ, ಟೇಬಲ್ ಎರಡನ್ನೂ ಒರೆಸಿ. ಸಣ್ಣದೊಂದು ಲೋಹದ ಚೂರು ಹುರಿಯ ಮೇಲೆ ಕೂತರೂ ಕೆಲಸ ಕೆಡುತ್ತದೆ. ಪಂಪ್ ಹಾಕಿ, ಶೀಟನ್ನು ಅಂಗೈಯಿಂದ ಒತ್ತಿ ಕೂರಿಸಿ. ಗೇಜಿನ ಮುಳ್ಳು ಏರಿ ನಿಂತ ಮೇಲೆ ವಾಲ್ವ್ ಮುಚ್ಚಿ. ಮುಳ್ಳು ನಿಧಾನವಾಗಿ ಇಳಿದರೆ ಸರಿ. ದಡಕ್ಕನೆ ಬಿದ್ದರೆ ಎಲ್ಲೋ ಸೋರುತ್ತಿದೆ; ಕಿವಿ ಹತ್ತಿರ ಇಟ್ಟರೆ ಸುಯ್ ಅನ್ನುವ ಸದ್ದು ಕೇಳುತ್ತದೆ. ಸೊಟ್ಟಗಾದ ಪ್ಲೈವುಡ್ ಜೊತೆ ಗುದ್ದಾಡಬೇಡಿ, ಬೇರೆ ತುಂಡು ತೆಗೆದುಕೊಳ್ಳಿ.

ಕತ್ತರಿಸುವಾಗ

ಶೀಟಿನ ಎರಡು ಬದಿಗೆ ಗಿಡ್ಡ ಪಿನ್ನುಗಳನ್ನು ಆನಿಸಿ. ಪಕ್ಕದ ನೂಕು ಅವುಗಳ ಪಾಲಿಗೆ ಹೋಗುತ್ತದೆ, ವ್ಯಾಕ್ಯೂಮ್ ಒತ್ತಿ ಹಿಡಿದರೆ ಸಾಕು. ಇದೊಂದು ಸಣ್ಣ ಏರ್ಪಾಡು ಪಂಪ್ ಬದಲಿಸುವುದಕ್ಕಿಂತ ಮೇಲು. ಸಾಮಾನ್ಯ ಅಪ್‌ಕಟ್ ಬಿಟ್ ಶೀಟನ್ನು ಮೇಲಕ್ಕೆತ್ತುತ್ತದೆ, ಡೌನ್‌ಕಟ್ ಕೆಳಗೆ ಒತ್ತುತ್ತದೆ. ಪ್ರತಿ ಸುತ್ತಿನಲ್ಲಿ ಕಡಿಮೆ ಆಳ ಇಳಿಸಿ.

ಪೂರ್ತಿ ಕತ್ತರಿಸಿದರೆ ಸೀಲ್ ಒಡೆದು ಹಿಡಿತವೇ ಹೋಗುತ್ತದೆ. ತಳದಲ್ಲಿ 0.2 ಮಿ.ಮೀ. ಪೊರೆ ಬಿಟ್ಟು, ಆಮೇಲೆ ಬ್ಲೇಡಿನಿಂದ ಬಿಡಿಸಿಕೊಳ್ಳಿ. ಪೂರ್ತಿ ಕತ್ತರಿಸಲೇಬೇಕಾದರೆ ಎಂಡಿಎಫ್ ಟೇಬಲ್ ಒಳ್ಳೆಯದು. ಅದರ ಎರಡೂ ಮುಖದ ಗಟ್ಟಿ ಪದರ ಸವರಿ ತೆಗೆದು ಅಂಚುಗಳಿಗೆ ಪೇಂಟ್ ಬಳಿದರೆ ಗಾಳಿ ಹಲಗೆಯ ಮೂಲಕವೇ ಹರಿಯುತ್ತದೆ. ಶೀಟು ಮುಚ್ಚದೆ ಉಳಿದ ಖಾಲಿ ಜಾಗವನ್ನು ಪ್ಲಾಸ್ಟಿಕ್ ಹಾಳೆಯಿಂದ ಮುಚ್ಚಿ.

ಕರೆಂಟ್ ಹೋದರೆ ಪಂಪ್ ನಿಂತ ಮೇಲೂ ಸ್ಪಿಂಡಲ್ ಕೆಲವು ಸೆಕೆಂಡ್ ತಿರುಗುತ್ತಿರುತ್ತದೆ. ಪೈಪಿಗೆ ನಾನ್ ರಿಟರ್ನ್ ವಾಲ್ವ್ (ಗಾಳಿ ಹಿಂದಕ್ಕೆ ಬರಲು ಬಿಡದ ವಾಲ್ವ್) ಹಾಕಿ, ಅದಕ್ಕೂ ಟೇಬಲ್ಲಿಗೂ ನಡುವೆ ಒಂದು ಗಟ್ಟಿ ಟ್ಯಾಂಕ್ ಸೇರಿಸಿದರೆ ಅಷ್ಟು ಹೊತ್ತು ಹಿಡಿತ ಉಳಿಯುತ್ತದೆ. ಕಣ್ಣಿಗೆ ಕನ್ನಡಕ ಹೇಗೂ ಇರಲಿ. ಕೆಲಸ ಮುಗಿದಾಗ ಮೊದಲು ಸ್ಪಿಂಡಲ್ ಪೂರ್ತಿ ನಿಲ್ಲಲಿ, ಆಮೇಲೆ ಚೂರುಗಳನ್ನು ಎತ್ತಿ ತೆಗೆಯಿರಿ, ಪಂಪ್ ಆಫ್ ಮಾಡುವುದು ಕೊನೆಗೆ.