ಲಿಂಗಾಲ ಪದಗಳನ್ನ ಬಿಡಿಸಿಕೊಂಡಿದ್ದು ಹೇಗೆ: ನನ್ನ ಅನುಭವ

ಆಫ್ರಿಕಾದ ಡೆಮಾಕ್ರಟಿಕ್ ಕಾಂಗೋ ದೇಶದ ರಾಜಧಾನಿ ಕಿನ್ಶಾಸಾದಲ್ಲಿ ಕೆಲ್ಸಕ್ಕಿದ್ದಾಗ ಆಫೀಸಲ್ಲಿ ಫ್ರೆಂಚ್ ನಡೀತಿತ್ತು, ಆದ್ರೆ ಮಾರ್ಕೆಟ್ಟು, ಟ್ಯಾಕ್ಸಿ, ಗೇಟಲ್ಲಿರೋ ಸೆಕ್ಯುರಿಟಿ ಎಲ್ಲಾ ಲಿಂಗಾಲ. ಇದು ಆಫ್ರಿಕಾದ ಬಾಂಟು ಕುಟುಂಬದ ಭಾಷೆ, ಎರಡು ಟೋನ್ ಇದೆ, ಏರು ಮತ್ತೆ ತಗ್ಗು, ಅಂದ್ರೆ ಧ್ವನಿ ಎತ್ತಿದ್ರೆ ಇಳಿಸಿದ್ರೆ ಪದದ ಅರ್ಥಾನೇ ಬದಲಾಗಬಹುದು, ಆದ್ರೆ ದಿನಾ ಬರೆಯೋವಾಗ ಅಲ್ಲಿಯವರು ಅದನ್ನ ಗುರುತು ಹಾಕಲ್ಲ. ಹಾಗಾಗಿ ಕಿವಿಗೆ ಬಿದ್ದಿದ್ದನ್ನ ಕನ್ನಡ ಲಿಪೀಲಿ ಬರ್ಕೊಂಡು ಎಕ್ಸೆಲ್ ಶೀಟಲ್ಲಿ ಸಿಲಬಲ್ ಸಿಲಬಲ್ ಆಗಿ ಒಡೀತಾ ಹೋದೆ.

ಅಚ್ಚ ಲಿಂಗಾಲ ಪದ ಸ್ವರದಲ್ಲೇ ಮುಗಿಯುತ್ತೆ, ಅದು ನಮಗೆ ಹೊಸದೇನಲ್ಲ, ಬಸ್ಸು ಕಾರು ಅನ್ನೋರು ನಾವು. ಅವರೂ ಮಿಲ್ಕ್ ಅನ್ನೋದನ್ನ ಮಿಲಿಕಿ ಮಾಡ್ಕೊಂಡಿದ್ದಾರೆ, ಬುಕ್ ಬುಕು ಆಗಿದೆ, ಫ್ರೆಂಚಿನ ಕ್ಲಾಸ್ ಹೋಗಿ ಕೆಲಾಸಿ, ಅಂದ್ರೆ ಶಾಲೆ.

ತಲೆ ಕೆಡೋದು ಸೊನ್ನೆ ಹತ್ರ. ವಿಷಯ ಅನ್ನೋಕೆ ಲಿಕಂಬೊ ಅಂತಾರೆ. ಕನ್ನಡದ ಕಿವಿ ಅದನ್ನ ಲಿ-ಕಂ-ಬೊ ಅಂತಾನೇ ಒಡೆಯುತ್ತೆ, ಕಂಬವನ್ನ ಕಂ-ಬ ಅಂದ ಹಾಗೆ. ಆದ್ರೆ ಡ್ರೈವರಿಗೆ 'ನಿಧಾನಕ್ಕೆ ಬಿಡಿಸಿ ಹೇಳಪ್ಪ' ಅಂದಾಗ ಅವನು ಲಿ ಅಂತಾನೆ, ಕ ಅಂತಾನೆ, ಆಮೇಲೆ ತುಟಿ ಮುಚ್ಚಿ ಮ್ಬೊ ಅಂತ ಒಂದೇ ಉಸಿರಲ್ಲಿ ಬಿಡ್ತಾನೆ, ಮ್ ಅನ್ನೋದು ಹಿಂದಿನ ಸಿಲಬಲ್ಲಿಗೆ ಅಂಟೋದೇ ಇಲ್ಲ. ಅದಕ್ಕೇ ಮನೆ ಅನ್ನೋ ನ್ದಾಕೊ ಪದದ ಶುರುವಲ್ಲೇ ನ್ದ ನಿಲ್ಲುತ್ತೆ, ಎರಡೇ ಸಿಲಬಲ್. ನನ್ನ ಶೀಟಲ್ಲಿ ಸೊನ್ನೆ ಬರೆಯೋದನ್ನೇ ಬಿಟ್ಟು ಎಲ್ಲಾನೂ ಒತ್ತಕ್ಷರ ಮಾಡ್ದೆ, ನೋಡೋಕೆ ವಿಚಿತ್ರ ಆದ್ರೂ ಲೆಕ್ಕ ಸರಿ ಬರುತ್ತೆ. ಇನ್ನೊಂದು ಸ್ವಾರಸ್ಯ, ಕಿನ್ಶಾಸಾ ಮಾತಲ್ಲಿ ನ್ಕೊಂಬೊ (ಹೆಸರು) ಬರೀ ಕೊಂಬೊ ಆಗಿರುತ್ತೆ, ನ್ತಾಬ (ಮೇಕೆ) ತಾಬ ಆಗುತ್ತೆ, ಆದ್ರೆ ನ್ದಾಕೊದಲ್ಲಿ ಮೂಗಿನ ಸದ್ದು ಬೀಳಲ್ಲ. ಅಂದ್ರೆ ಕ, ತ, ಪ ಮುಂದಿದ್ರೆ ಒಂಥರಾ, ಗ, ದ, ಬ ಇದ್ರೆ ಇನ್ನೊಂಥರಾ. ಎರಡಕ್ಕೂ ಬೇರೆ ಕಾಲಂ ಇಟ್ಟೆ.

ನಾಮಪದದ ಆಕಾರ ಸಲೀಸು, ಮುಂದೊಂದು ಪ್ರತ್ಯಯ, ಹಿಂದೆ ಸಾಮಾನ್ಯವಾಗಿ ಎರಡು ಸಿಲಬಲ್ಲಿನ ಮೂಲ: ಎಲಾಂಬ ಬಟ್ಟೆ, ಬಿಲಾಂಬ ಬಟ್ಟೆಗಳು (ಇಲ್ಲಿ ಓದೋ ಅನುಕೂಲಕ್ಕೆ ಸೊನ್ನೆ ಹಾಕಿದೀನಿ). ಪ್ರತ್ಯಯ ಹೆಚ್ಚಾಗಿ ತಗ್ಗು ಟೋನಲ್ಲೇ ಇರುತ್ತೆ, ಆಟ ಎಲ್ಲಾ ಮೂಲದಲ್ಲಿ. ಮಗು ಅನ್ನೋಕೆ ಮೊ ಅನ್ನೋ ಪ್ರತ್ಯಯದ ಜೊತೆ ಅನ ಅನ್ನೋ ಮೂಲ ಸೇರಿ ಮ್ವಾನ ಆಗುತ್ತೆ, ಬಹುವಚನ ಬಾನ, ಎರಡಕ್ಕೂ ಎರಡೆರಡೇ ಸಿಲಬಲ್.

ಟೋನ್ ಹಿಡಿಯೋಕೆ ನಾನು ಮಾಡಿದ್ದು ಹೀಗೆ. ಮೊತೊ ಎರಡೂ ತಗ್ಗಾದ್ರೆ ಮನುಷ್ಯ, ಎರಡನೇದು ಏರಿದ್ರೆ ತಲೆ, ಮೊದಲನೇದು ಏರಿ ಬಾಯಿ ಅಗಲ ತೆರೆದು 'ಒ' ಅಂದ್ರೆ ಬೆಂಕಿ. ಆ ತೆರೆದ ಒ ನಮ್ಮಲ್ಲಿ ಕಾಫಿ ಅನ್ನುವಾಗ ಬರೋ ಥರದ್ದು, ಅದಕ್ಕೆ ನಮ್ಮ ಲಿಪೀಲಿ ಅಕ್ಷರ ಇಲ್ಲ, ನಾನು ಕೆಳಗೆ ಗೆರೆ ಎಳೀತಿದ್ದೆ. ಪದಗಳನ್ನ ಪಟ್ಟಿ ಓದೋ ಹಾಗೆ ಓದಿಸಬಾರದು, ಕೊನೇ ಪದದ ಧ್ವನಿ ತಾನಾಗೇ ಇಳಿಯುತ್ತೆ, ಏರು ಕೂಡ ತಗ್ಗಿನ ಥರ ಕೇಳುತ್ತೆ. ಅದಕ್ಕೆ ಪ್ರತಿ ಪದಾನೂ ಒಂದೇ ವಾಕ್ಯದ ಮಧ್ಯ ಇಟ್ಟು ಹೇಳಿಸಿ ಫೋನಲ್ಲಿ ರೆಕಾರ್ಡ್ ಮಾಡಿ, ಪ್ರಾಟ್ ಅನ್ನೋ ಫ್ರೀ ಸಾಫ್ಟ್‌ವೇರಲ್ಲಿ ಪಿಚ್ ಗೆರೆ, ಅಂದ್ರೆ ಧ್ವನಿಯ ಏರಿಳಿತ ತೋರಿಸೋ ಗೆರೆ, ನೋಡ್ತಿದ್ದೆ. ಡೌಟ್ ಬಂದ್ರೆ ಪದ ಬಿಟ್ಟು ಬರೀ ಬಾಯಿ ಮುಚ್ಚಿ ಗುನುಗೋಕೆ ಹೇಳ್ತಿದ್ದೆ, ನನ್ನ ಪ್ರಕಾರ ಸಾಫ್ಟ್‌ವೇರಿಗಿಂತ ಇದೇ ವಾಸಿ. ಅದೇ ದೇಶದ ಕಿಸಂಗಾನಿ ಊರಿನ ಕಡೆ ಕೆಲೆ ಅನ್ನೋ ಭಾಷೆಯವರು ಇದೇ ಏರು ತಗ್ಗನ್ನ ಮರದ ಡ್ರಮ್ಮಲ್ಲಿ ಬಾರಿಸಿ ಸುದ್ದಿ ಕಳಿಸ್ತಿದ್ರು, ಸಿಲಬಲ್ಲಿಗೆ ಒಂದು ಪೆಟ್ಟು. ಚಂದ್ರ ಮತ್ತೆ ಕೋಳಿ ಎರಡಕ್ಕೂ ಏರು-ಏರು ಪೆಟ್ಟೇ ಆದ್ದರಿಂದ ಗೊಂದಲ ಆಗ್ದಿರಲಿ ಅಂತ ಒಂದೊಂದಕ್ಕೂ ಉದ್ದನೆ ಮಾತು ಸೇರಿಸಿ ಬಾರಿಸ್ತಿದ್ರಂತೆ.

ಕನ್ನಡದವರು ಹುಷಾರಾಗಿರಬೇಕಾದ್ದು ಒಂದಿದೆ, ಏರು ಕೇಳಿದ ತಕ್ಷಣ ನಾವು ದೀರ್ಘ ಎಳೀತೀವಿ. ಲಿಂಗಾಲದಲ್ಲಿ ಹ್ರಸ್ವ ದೀರ್ಘದಿಂದ ಅರ್ಥ ಬದಲಾಗಲ್ಲ, ಬರೀ ಧ್ವನಿ ಎತ್ತಿದ್ರೆ ಸಾಕು. ನಾನು ಮೇಲೆ ನ್ದಾಕೊ ಅಂತ ಬರೆದಿರೋ ದೀರ್ಘಾನೂ ಅದೇ ಚಾಳಿ.