ನಡಿಗೆ, ಎದೆಬಡಿತ: ಫೋನಿಗೆ ಲೆಕ್ಕ ಕಲಿಸುವುದು ಹೇಗೆ?

ತುಮಕೂರಿನ ಅಮಾನಿಕೆರೆಯಲ್ಲಿ ಬೆಳಗಿನ ವಾಕಿಂಗ್ ಮುಗಿಸಿ ನಾನೂ ನಮ್ಮ ಭಾವನೂ ಬೆಂಚಿನ ಮೇಲೆ ಕೂತೆವು. ಇಬ್ಬರೂ ಜೊತೆಜೊತೆಯಾಗಿ ನಡೆದಿದ್ದೆವು, ಒಂದು ಹೆಜ್ಜೆ ಹಿಂದೆಮುಂದೆ ಇಲ್ಲ. ನನ್ನ ಫೋನ್ 4.1 ಕಿಲೋಮೀಟರ್ ಅಂದಿತು, ಅವರದು 3.3. "ನಿನ್ನ ಫೋನು ಸುಳ್ಳು ಹೇಳುತ್ತೆ ಕಣಯ್ಯ" ಅಂದರು. "ನಿಮ್ಮದು ಸೋಮಾರಿ ಫೋನು ಭಾವ" ಅಂದೆ. ಮನೆಗೆ ಬಂದು ಎರಡನ್ನೂ ಬಿಡಿಸಿ ನೋಡಿದಾಗ ಗೊತ್ತಾಗಿದ್ದು, ಎರಡೂ ತಮ್ಮ ಮಟ್ಟಿಗೆ ಸರಿಯೇ. ನಾವೇ ಅವಕ್ಕೆ ಸರಿಯಾಗಿ ಹೇಳಿಕೊಟ್ಟಿರಲಿಲ್ಲ.

ಆಪ್ ಹಾಕಿಕೊಳ್ಳುವುದು ಎರಡು ನಿಮಿಷದ ಕೆಲಸ. ಅದು ಹೇಳುವ ಅಂಕಿಯನ್ನು ನಂಬುವಂತೆ ಮಾಡಿಕೊಳ್ಳಲು ಒಂದು ವಾರ ಬೇಕು. ಆ ವಾರದಲ್ಲಿ ಏನೇನು ಮಾಡಬೇಕು ಅನ್ನುವುದು ಇಲ್ಲಿದೆ.

ಮೊದಲು ಆಪ್, ಆಮೇಲೆ ಅನುಮತಿ

ಗೂಗಲ್ ಫಿಟ್, ಸ್ಯಾಮ್‌ಸಂಗ್ ಹೆಲ್ತ್, ಸ್ಟ್ರಾವಾ ಹೀಗೆ ಹೆಸರು ಬೇಕಾದಷ್ಟಿವೆ. ಐಫೋನ್‌ನಲ್ಲಿ ಹೆಲ್ತ್ ಆಪ್ ಮೊದಲೇ ಇರುತ್ತದೆ. ಯಾವುದಾದರೂ ಒಂದನ್ನು ಆರಿಸಿಕೊಳ್ಳಿ. ಎರಡು ಮೂರು ಹಾಕಿಕೊಂಡರೆ ಬ್ಯಾಟರಿ ಖಾಲಿ, ಲೆಕ್ಕ ಗೋಜಲು. ಉಚಿತವಾಗಿ ಸಿಗುವುದೇ ಸಾಕು. ಮೊದಲ ದಿನವೇ ವರ್ಷದ ಚಂದಾ ಕಟ್ಟಿ ಅಂತ ಆಪ್ ಕೇಳಿದರೆ ನಗುತ್ತಾ ಮುಂದಕ್ಕೆ ಹೋಗಿ.

ಶುರುವಿನಲ್ಲೇ ವಯಸ್ಸು, ಎತ್ತರ, ತೂಕ ಕೇಳುತ್ತದೆ. ತೂಕದಲ್ಲಿ ಸುಳ್ಳು ಹೇಳಬೇಡಿ. ಕ್ಯಾಲೊರಿ ಲೆಕ್ಕ ನಿಂತಿರುವುದೇ ಅದರ ಮೇಲೆ. ಎತ್ತರ ನೋಡಿ ನಿಮ್ಮ ಹೆಜ್ಜೆಯ ಉದ್ದ ಇಷ್ಟಿರಬಹುದು ಅಂತ ಊಹಿಸುವ ಆಪ್‌ಗಳೂ ಇವೆ.

ಆಮೇಲೆ ಎರಡು ಅನುಮತಿ. ಒಂದು, ದೈಹಿಕ ಚಟುವಟಿಕೆಯದು. ಹೆಜ್ಜೆ ಎಣಿಸುವುದು ಫೋನಿನೊಳಗಿನ ಆಕ್ಸಿಲರೋಮೀಟರ್ ಅನ್ನುವ ಪುಟ್ಟ ಸೆನ್ಸರ್. ಫೋನ್ ಅಲುಗುವ ಲಯ ನೋಡಿ ಅದು ಹೆಜ್ಜೆ ಗುರುತಿಸುತ್ತದೆ. ಇನ್ನೊಂದು, ಲೊಕೇಶನ್. ಜಿಪಿಎಸ್ ದಾರಿಯನ್ನು ಅಳೆಯುವುದು ಇದರಿಂದ. "ಆಪ್ ಬಳಸುವಾಗ ಮಾತ್ರ" ಅನ್ನುವುದನ್ನು ಒತ್ತಿದರೆ ಸಾಮಾನ್ಯವಾಗಿ ಸಾಕು. ಕಾಂಟ್ಯಾಕ್ಟ್ಸ್ ಕೊಡಿ ಅಂದರೆ ಕೊಡಬೇಕಾಗಿಲ್ಲ. ನಾವು ನಡೆಯೋದಕ್ಕೂ ನಮ್ಮ ಚಿಕ್ಕಪ್ಪನ ನಂಬರಿಗೂ ಏನು ಸಂಬಂಧ?

ಭಾವನ 3.3 ಕಿಲೋಮೀಟರಿನ ಗುಟ್ಟು ಇಲ್ಲೇ ಇತ್ತು. ಅವರು ಲೊಕೇಶನ್ ಬೇಡ ಅಂದಿದ್ದರು. ಹಾಗಾಗಿ ಆಪ್ ಬರೀ ಹೆಜ್ಜೆ ಎಣಿಸಿ, ಊಹೆಯ ಹೆಜ್ಜೆ ಉದ್ದದಿಂದ ಗುಣಿಸಿ ಉತ್ತರ ಹೇಳಿತ್ತು. ಭಾವ ಉದ್ದ ಕಾಲಿನ ಮನುಷ್ಯ. ಹೆಜ್ಜೆ ಕಡಿಮೆ, ದೂರ ಜಾಸ್ತಿ.

ನನ್ನ ಫೋನೂ ಸಾಚಾ ಏನಲ್ಲ. ಮ್ಯಾಪ್ ತೆಗೆದು ನೋಡಿದರೆ ನಾನು ಒಂದು ಕಡೆ ದಂಡೆ ಬಿಟ್ಟು ಕೆರೆಯ ನೀರಿನ ಮೇಲೆ ನೆಟ್ಟಗೆ ನಡೆದುಹೋಗಿದ್ದೆ! ಅದಕ್ಕೆ ಕಾರಣ ಬ್ಯಾಟರಿ ಸೇವರ್. ಸ್ಕ್ರೀನ್ ಆರಿದ ಮೇಲೆ ಫೋನ್ ಆಪನ್ನು ಮಲಗಿಸಿಬಿಡುತ್ತದೆ. ಎದ್ದಾಗ ಅದು ಹಳೇ ಚುಕ್ಕಿಗೂ ಹೊಸ ಚುಕ್ಕಿಗೂ ಗೆರೆ ಎಳೆದು ಕೈ ತೊಳೆದುಕೊಳ್ಳುತ್ತದೆ. ಸೆಟ್ಟಿಂಗ್ಸ್‌ಗೆ ಹೋಗಿ, ಆಪ್‌ನ ಹೆಸರು ಹುಡುಕಿ, ಬ್ಯಾಟರಿ ಅನ್ನುವಲ್ಲಿ ನಿರ್ಬಂಧ ಬೇಡ ಅಂತ ಹೇಳಿ. ಫೋನಿನ ಕಂಪನಿಗೊಂದು ಥರ ಈ ಜಾಗ ಬದಲಾಗುತ್ತದೆ. ಸ್ವಲ್ಪ ತಡಕಾಡಬೇಕು.

ಫೋನನ್ನು ಪರೀಕ್ಷೆಗೆ ಕೂರಿಸಿ

ಇದನ್ನು ಯಾರೂ ಮಾಡುವುದಿಲ್ಲ. ನೀವು ಮಾಡಿ. ಉದ್ದ ಗೊತ್ತಿರುವ ಒಂದು ಜಾಗಕ್ಕೆ ಹೋಗಿ. ಓಟದ ಪೂರ್ಣ ಅಳತೆಯ ಟ್ರ್ಯಾಕ್ ಆದರೆ ಒಳಗಿನ ಮೊದಲ ಲೇನ್ 400 ಮೀಟರ್. ಐದು ಸುತ್ತಿಗೆ 2 ಕಿಲೋಮೀಟರ್. ಟ್ರ್ಯಾಕ್ ಸಿಗದಿದ್ದರೆ ವಾಹನ ಕಡಿಮೆ ಓಡಾಡುವ ರಸ್ತೆಯ ಅಕ್ಕಪಕ್ಕದ ಎರಡು ಕಿಲೋಮೀಟರ್ ಕಲ್ಲುಗಳ ನಡುವೆ ಒಮ್ಮೆ ಹೋಗಿ ಬಂದರೂ ಆಯಿತು.

ಬಯಲಿನಲ್ಲಿ ನಿಂತು, ಲೊಕೇಶನ್ ಚುಕ್ಕಿ ಸರಿಯಾಗಿ ನಿಲ್ಲುವವರೆಗೆ ಒಂದು ನಿಮಿಷ ಕಾಯಿರಿ. ಆಮೇಲೆ ಸ್ಟಾರ್ಟ್ ಒತ್ತಿ ನಡೆಯಿರಿ. 2 ಕಿಲೋಮೀಟರ್ ನಡೆದಿದ್ದಕ್ಕೆ 1.95 ಅಥವಾ 2.05 ಬಂದರೆ ಬೆನ್ನು ತಟ್ಟಿ. 1.6 ಅಂದರೆ ಮೇಲಿನ ಅನುಮತಿಗಳನ್ನು ಮತ್ತೆ ನೋಡಿ. ಹೆಜ್ಜೆಗೂ ಇದೇ ಪರೀಕ್ಷೆ ಇದೆ. ಬಾಯಲ್ಲಿ ನೂರು ಎಣಿಸುತ್ತಾ ನಡೆದು, ಫೋನ್ ಎಷ್ಟು ಅಂತು ನೋಡಿ. ಪ್ಯಾಂಟ್ ಜೇಬಿನಲ್ಲಿದ್ದಾಗ ಒಂದು ಲೆಕ್ಕ, ಚೀಲದಲ್ಲಿದ್ದಾಗ ಇನ್ನೊಂದು ಲೆಕ್ಕ ಬರಬಹುದು. ಹಾಗಾಗಿ ಯಾವಾಗಲೂ ಒಂದೇ ಜಾಗದಲ್ಲಿಡಿ.

ಅಂದಹಾಗೆ, ದಿನಕ್ಕೆ ಹತ್ತು ಸಾವಿರ ಹೆಜ್ಜೆ ಅನ್ನುವ ಗುರಿ ಯಾವ ಡಾಕ್ಟರೂ ಬರೆದುಕೊಟ್ಟಿದ್ದಲ್ಲ. 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಯಂತ್ರದ ಹೆಸರು ಅದು. 'ಮಾನ್ಪೊ-ಕೆಯ್' ಅಂದರೆ ಹತ್ತು ಸಾವಿರ ಹೆಜ್ಜೆಯ ಮೀಟರ್ ಅಂತ. ವಿಶ್ವ ಆರೋಗ್ಯ ಸಂಸ್ಥೆ ಹೆಜ್ಜೆ ಎಣಿಸುವುದಿಲ್ಲ, ನಿಮಿಷ ಎಣಿಸುತ್ತದೆ. 2020ರ ಅದರ ಸಲಹೆಯ ಪ್ರಕಾರ ದೊಡ್ಡವರು ವಾರಕ್ಕೆ 150ರಿಂದ 300 ನಿಮಿಷ ಸಾಧಾರಣ ಬಿರುಸಿನ ವ್ಯಾಯಾಮ ಮಾಡಬೇಕು. ದಿನಕ್ಕೆ ಅರ್ಧ ಗಂಟೆ, ವಾರಕ್ಕೆ ಐದು ದಿನ ಅಂದುಕೊಂಡರೆ 150 ಆಯಿತು. ಹಾಗಾಗಿ ಆಪ್‌ನಲ್ಲಿ ಹೆಜ್ಜೆಯ ಗುರಿಗಿಂತ ನಿಮಿಷದ ಗುರಿ ಇಟ್ಟುಕೊಳ್ಳುವುದು ವಾಸಿ.

ಬಿರುಸು ಅಂದರೆ ಎಷ್ಟು? ಅದಕ್ಕೇ ಎದೆಬಡಿತದ ಲೆಕ್ಕ ಬೇಕಾಗುವುದು.

ಎದೆಬಡಿತ ಅಳೆಯುವ ಮೂರು ದಾರಿ

ಬರೀ ಫೋನಿನಲ್ಲೇ ಅಳೆಯುವ ಆಪ್‌ಗಳಿವೆ. ಬೆರಳಿನ ತುದಿಯನ್ನು ಹಿಂದಿನ ಕ್ಯಾಮೆರಾ ಮತ್ತು ಫ್ಲ್ಯಾಶ್ ಎರಡೂ ಮುಚ್ಚುವಂತೆ ಇಡಬೇಕು. ಹೃದಯ ಬಡಿದಾಗಲೆಲ್ಲ ಬೆರಳಿಗೆ ಒಂದಿಷ್ಟು ರಕ್ತ ನುಗ್ಗುತ್ತದೆ. ರಕ್ತ ಬೆಳಕನ್ನು ಹೀರುತ್ತದೆ. ಕ್ಯಾಮೆರಾಕ್ಕೆ ಕಾಣುವ ಬೆಳಕು ಒಂದು ಕ್ಷಣ ಮಂಕಾಗುತ್ತದೆ. ಆ ಮಂಕಾಗುವುದನ್ನು ಆಪ್ ಎಣಿಸುತ್ತದೆ. ಮೆತ್ತಗೆ ಇಡಿ. ಗಟ್ಟಿಯಾಗಿ ಒತ್ತಿದರೆ ರಕ್ತವೇ ಓಡುವುದಿಲ್ಲ. ಡಿಸೆಂಬರ್ ಚಳಿಯಲ್ಲಿ ಬೆರಳು ತಣ್ಣಗಾಗಿದ್ದರೆ ಮೊದಲು ಕೈ ಉಜ್ಜಿಕೊಳ್ಳಿ. ಕೈ ಅಲ್ಲಾಡಿದರೆ ಲೆಕ್ಕ ಕೆಡುತ್ತದೆ. ನಡೆಯುತ್ತಾ ಇದನ್ನು ಮಾಡಲು ಆಗುವುದಿಲ್ಲ. ನಿಂತ ತಕ್ಷಣ ಅಳೆಯಬೇಕು, ಯಾಕೆಂದರೆ ನಿಂತ ಒಂದೇ ನಿಮಿಷದಲ್ಲಿ ಬಡಿತ ಸರ್ರನೆ ಇಳಿಯುತ್ತದೆ.

ಎರಡನೆಯದು ಸ್ಮಾರ್ಟ್‌ವಾಚ್. ಅದರ ಹಿಂದೆ ಮಿನುಗುವ ಹಸಿರು ದೀಪದ್ದೂ ಇದೇ ಉಪಾಯ. ರಕ್ತ ಹಸಿರು ಬೆಳಕನ್ನು ಚೆನ್ನಾಗಿ ಹೀರುತ್ತದೆ. ವಾಚನ್ನು ಮಣಿಕಟ್ಟಿನ ಮೂಳೆಗೆ ಒಂದು ಬೆರಳಿನಷ್ಟು ಮೇಲೆ, ಜಾರದ ಹಾಗೆ ಕಟ್ಟಿ. ಬಳೆಯ ಹಾಗೆ ಸಡಿಲ ಬಿಟ್ಟರೆ ಬೆಳಕು ಸೋರುತ್ತದೆ. ವಾಚಿಗೆ ಇನ್ನೊಂದು ಖಾಯಿಲೆ ಇದೆ. ಕೈ ಬೀಸುವ ಲಯವನ್ನೇ ಎದೆಬಡಿತ ಅಂದುಕೊಳ್ಳುತ್ತದೆ. ಬಿರುಸಾಗಿ ನಡೆದರೆ ನಿಮಿಷಕ್ಕೆ 110–120 ಹೆಜ್ಜೆ ಬೀಳುತ್ತದೆ. ವಾಚೂ ಅಷ್ಟೇ ಅಂಕಿಯನ್ನು ಅಲುಗದೆ ತೋರಿಸುತ್ತಿದ್ದರೆ ಅನುಮಾನ ಪಡಿ.

ಮೂರನೆಯದು ಎದೆಪಟ್ಟಿ. ಇದು ಬೆಳಕಲ್ಲ, ಹೃದಯದ ವಿದ್ಯುತ್ ಮಿಡಿತವನ್ನೇ ಹಿಡಿಯುತ್ತದೆ. ಮೂರರಲ್ಲಿ ಹೆಚ್ಚು ನಂಬಬಹುದಾದ್ದು ಇದೇ. ಕಟ್ಟುವ ಮೊದಲು ಒಳಗಿನ ಪ್ಯಾಡ್‌ಗಳನ್ನು ನೀರಿನಲ್ಲಿ ಒದ್ದೆ ಮಾಡಬೇಕು. ಇದನ್ನು ಸಾಮಾನ್ಯವಾಗಿ ಫೋನಿನ ಬ್ಲೂಟೂತ್ ಪಟ್ಟಿಯಿಂದಲ್ಲ, ಆಪ್ ಒಳಗಿನ ಸೆನ್ಸರ್ ಸೆಟ್ಟಿಂಗ್‌ನಿಂದ ಜೋಡಿಸಬೇಕು. ಸುಮ್ನೆ ನಡೆಯುವವರಿಗೆ ಇದು ಬೇಕಾಗಿಲ್ಲ. ಓಡುವವರು, ಸೈಕಲ್ ತುಳಿಯುವವರು ಯೋಚಿಸಬಹುದು.

ಯಾವುದನ್ನೇ ಬಳಸಿ, ಒಂದು ಸಲ ನಿಮ್ಮ ಕೈಯಾರೆ ತಾಳೆ ನೋಡಿ. ತೋರುಬೆರಳು, ನಡುಬೆರಳು ಎರಡನ್ನೂ ಮಣಿಕಟ್ಟಿನ ಮೇಲೆ, ಹೆಬ್ಬೆರಳಿನ ಬುಡದ ಕಡೆಗೆ ಇಡಿ. 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿ. ಹೆಬ್ಬೆರಳಿನಿಂದ ನೋಡಬೇಡಿ, ಅದಕ್ಕೂ ತನ್ನದೇ ನಾಡಿ ಇದೆ.

ಆ ಅಂಕಿಯನ್ನು ಓದುವುದು

ಬೆಳಗ್ಗೆ ಎದ್ದ ಕೂಡಲೇ, ಕಾಫಿಗೂ ಮೊದಲು, ಹಾಸಿಗೆಯಲ್ಲೇ ಮಲಗಿ ಅಳೆದದ್ದು ನಿಮ್ಮ ವಿಶ್ರಾಂತಿ ಬಡಿತ. ದೊಡ್ಡವರಲ್ಲಿ ಸಾಮಾನ್ಯವಾಗಿ 60ರಿಂದ 100ರ ನಡುವೆ ಇರುತ್ತದೆ. ಏಳು ದಿನ ಬರೆದಿಟ್ಟುಕೊಳ್ಳಿ. ನಿಮಗೆ ಬೇಕಾದ್ದು ಒಂದು ದಿನದ ಅಂಕಿಯಲ್ಲ, ನಿಮ್ಮ ಮಾಮೂಲು ಎಷ್ಟು ಅನ್ನುವುದು.

ಗರಿಷ್ಠ ಬಡಿತಕ್ಕೆ ಹಳೇ ಸೂತ್ರ 220ರಲ್ಲಿ ವಯಸ್ಸು ಕಳೆಯುವುದು. ನನಗೆ 46. ಅಂದರೆ 174. ಅದರ 50ರಿಂದ 70 ಶೇಕಡಾ ಸಾಧಾರಣ ಬಿರುಸು, ನನಗೆ 87ರಿಂದ 122. ಅಲ್ಲಿಂದ 85 ಶೇಕಡಾವರೆಗೆ ಜೋರು, ಅಂದರೆ ಸುಮಾರು 148. ಬಣ್ಣ ಬಣ್ಣದ ಪಟ್ಟಿಗಳಲ್ಲಿ ಆಪ್ ತೋರಿಸುವ ಝೋನ್‌ಗಳು ಹೆಚ್ಚಾಗಿ ಇಂಥ ಲೆಕ್ಕದಿಂದಲೇ ಬರುತ್ತವೆ. ಆದರೆ ಇದು ಸರಾಸರಿ. ಒಂದೇ ವಯಸ್ಸಿನ ಇಬ್ಬರಲ್ಲಿ ಹತ್ತು ಹನ್ನೆರಡು ಬಡಿತ ಆಚೀಚೆ ಇರುವುದು ಮಾಮೂಲು. ಬಾಯಿಯ ಪರೀಕ್ಷೆ ಇದಕ್ಕಿಂತ ಸುಲಭ. ನಡೆಯುವಾಗ ಮಾತಾಡಲು ಆಗುತ್ತದೆ, ಹಾಡಲು ಆಗುವುದಿಲ್ಲ ಅಂದರೆ ಸಾಧಾರಣ ಬಿರುಸು. ನಾಲ್ಕು ಪದಕ್ಕೊಮ್ಮೆ ಉಸಿರು ಎಳೆದುಕೊಳ್ಳಬೇಕು ಅಂದರೆ ಜೋರು.

ಈ ಪರೀಕ್ಷೆಯ ಬೆಲೆ ನನಗೆ ಗೊತ್ತಾದದ್ದು ಭಾವನಿಂದಲೇ. ಒಂದು ಭಾನುವಾರ ದೇವರಾಯನದುರ್ಗಕ್ಕೆ ಹೋಗಿದ್ದೆವು. ಕೆಳಗೆ ಭೋಗ ನರಸಿಂಹನಿಗೆ ಕೈ ಮುಗಿದು, ಮೇಲೆ ಯೋಗ ನರಸಿಂಹನ ಕಡೆಗೆ ಹತ್ತತೊಡಗಿದೆವು. ಅರ್ಧ ದಾರಿಗೆ ನನ್ನ ವಾಚು 150 ದಾಟಿತು. ನಾನು ಕೂತೆ. ಪಕ್ಕದಲ್ಲಿ ಬೆವರಿಳಿಸುತ್ತಾ ಏದುಸಿರು ಬಿಡುತ್ತಿದ್ದ ಭಾವನ ವಾಚು 98 ತೋರಿಸಿ, ಇನ್ನೂ ವೇಗ ಹೆಚ್ಚಿಸಿ ಅನ್ನುತ್ತಿತ್ತು. "ಇದಕ್ಕೆ ಕಣ್ಣಿಲ್ವೇನಯ್ಯ?" ಅಂದರು. ಕೈ ಹಿಡಿದು ಎಣಿಸಿದೆ, 98 ಸರಿಯಾಗಿಯೇ ಇತ್ತು.

ಅವರು ಬಿಪಿಗೆ ಮೆಟೊಪ್ರೊಲಾಲ್ ಮಾತ್ರೆ ತೆಗೆದುಕೊಳ್ಳುತ್ತಾರೆ. ಅದು, ಅಟೆನೊಲಾಲ್, ಇವೆಲ್ಲ ಬೀಟಾ ಬ್ಲಾಕರ್ ಜಾತಿಯವು. ಹೃದಯ ವೇಗವಾಗಿ ಬಡಿಯದಂತೆ ಹಿಡಿದಿಡುತ್ತವೆ. ಅಂಥವರಿಗೆ 220ರ ಸೂತ್ರವಾಗಲಿ, ಆಪ್‌ನ ಝೋನ್ ಆಗಲಿ ಹೊಂದುವುದಿಲ್ಲ. ಆಪ್ ಮಾತು ಕೇಳಿ ಓಡಬಾರದು. ಝೋನ್ ತುಂಬಲಿ ಅಂತ ಮಾತ್ರೆ ಬಿಡಲಂತೂ ಬಾರದು. ಎಷ್ಟು ಬಡಿತದವರೆಗೆ ಹೋಗಬಹುದು ಅಂತ ನಿಮ್ಮ ಡಾಕ್ಟರನ್ನೇ ಕೇಳಿ. ಇನ್ನು ಎದೆ ಹಿಡಿದಂತಾದರೆ, ತಲೆ ಸುತ್ತಿದರೆ, ಎಡಗೈ ಅಥವಾ ದವಡೆಗೆ ನೋವು ಹರಿದರೆ ವಾಚು ನೋಡುತ್ತಾ ನಿಲ್ಲಬೇಡಿ. ಅಲ್ಲೇ ಕೂತು ಜನರನ್ನು ಕರೆಯಿರಿ, 108ಕ್ಕೆ ಫೋನ್ ಮಾಡಿ.

ಬೆಟ್ಟಕ್ಕೆ ಹೋಗುವವರಿಗೆ ಒಂದು ಮಾತು. ನೆಟ್‌ವರ್ಕ್ ಇಲ್ಲದಿದ್ದರೂ ಜಿಪಿಎಸ್ ಕೆಲಸ ಮಾಡುತ್ತದೆ, ಅದು ನೇರ ಉಪಗ್ರಹದಿಂದ ಬರುವ ಸಂಕೇತ. ಮ್ಯಾಪ್ ಚಿತ್ರ ಕಾಣದಿರಬಹುದು, ದಾರಿ ದಾಖಲಾಗುತ್ತಿರುತ್ತದೆ. ದಟ್ಟ ಮರ, ದೊಡ್ಡ ಬಂಡೆಗಳ ಮಗ್ಗುಲಲ್ಲಿ ಮಾತ್ರ ಗೆರೆ ಸೊಟ್ಟಗಾಗುತ್ತದೆ.

ವಾರ ಕಳೆದ ಮೇಲೆ

ಈಗ ಒಂದು ದಾರಿ ಗೊತ್ತು ಮಾಡಿಕೊಳ್ಳಿ. ವಾರಕ್ಕೊಮ್ಮೆ ಅದೇ ದಾರಿ, ಅದೇ ಹೊತ್ತು, ಅದೇ ವೇಗ. ನಾನು ಬುಧವಾರ ಇಟ್ಟುಕೊಂಡಿದ್ದೇನೆ. ಸರಾಸರಿ ಬಡಿತ ಎಷ್ಟು ಬಂತು ಅಂತ ಮಾತ್ರ ಗುರುತು ಹಾಕುತ್ತೇನೆ. ಶುರುವಿನಲ್ಲಿ 124 ಇತ್ತು, ಮೂರು ತಿಂಗಳಿಗೆ 115ಕ್ಕೆ ಬಂತು. ಅದೇ ಕೆಲಸವನ್ನು ಹೃದಯ ಈಗ ಕಡಿಮೆ ಬಡಿತದಲ್ಲಿ ಮಾಡುತ್ತಿದೆ ಅಂತ ಅರ್ಥ. ಏಪ್ರಿಲ್ ಸೆಕೆ ಶುರುವಾದಾಗ ಮತ್ತೆ ಆರು ಏರಿತು. ಗಾಬರಿಯಾಗಬೇಕಾಗಿಲ್ಲ, ಮೈ ತಣ್ಣಗಾಗಿಸಲು ಹೃದಯಕ್ಕೆ ಕೆಲಸ ಜಾಸ್ತಿ. ನಿದ್ದೆಗೆಟ್ಟರೆ, ಜ್ವರ ಬರುವ ಹಾಗಿದ್ದರೆ, ನೀರು ಕಡಿಮೆ ಕುಡಿದರೆ ಬೆಳಗಿನ ವಿಶ್ರಾಂತಿ ಬಡಿತವೂ ಏರುತ್ತದೆ. ಅಂಥ ದಿನ ನಾನು ಅರ್ಧ ದೂರಕ್ಕೇ ವಾಪಸ್ ಬರುತ್ತೇನೆ.

ಕ್ಯಾಲೊರಿ ಅಂಕಿಯನ್ನು ಅಷ್ಟಾಗಿ ತಲೆಗೆ ಹಚ್ಚಿಕೊಳ್ಳಬೇಡಿ. ಅದು ತೂಕ, ವೇಗ, ಬಡಿತ ಸೇರಿಸಿದ ಅಂದಾಜು. 300 ಸುಟ್ಟೆ ಅಂತ ಹೇಳಿಕೊಂಡು ಕ್ಯಾತಸಂದ್ರದಲ್ಲಿ ಬೆಣ್ಣೆ ಹಾಕಿದ ತಟ್ಟೆ ಇಡ್ಲಿ ಮೂರು ತಿಂದವರನ್ನು ನಾನು ಬಲ್ಲೆ. ತೀರಾ ಹತ್ತಿರದಿಂದ ಬಲ್ಲೆ.

ಖಾಸಗಿತನದ ಸೆಟ್ಟಿಂಗ್ ಮರೆಯಬೇಡಿ. ಕೆಲವು ಆಪ್‌ಗಳು ನಿಮ್ಮ ದಾರಿಯನ್ನು ಎಲ್ಲರಿಗೂ ಕಾಣುವಂತೆ ಇಡುತ್ತವೆ. ಮನೆ ಬಾಗಿಲಿನಿಂದ ಸ್ಟಾರ್ಟ್ ಒತ್ತಿದರೆ ಮನೆ ಎಲ್ಲಿ, ಯಾವ ಹೊತ್ತಿಗೆ ಖಾಲಿ ಅಂತ ಊರಿಗೆಲ್ಲ ಹೇಳಿದ ಹಾಗೆ. ಸ್ಟ್ರಾವಾ 2017ರ ಕೊನೆಯಲ್ಲಿ ಪ್ರಕಟಿಸಿದ್ದ ಓಟದ ನಕ್ಷೆಯಲ್ಲಿ ಸೇನಾ ನೆಲೆಗಳೊಳಗಿನ ದಾರಿಗಳೂ ಬೆಳಗಿದ್ದು 2018ರಲ್ಲಿ ದೊಡ್ಡ ಸುದ್ದಿಯಾಗಿತ್ತು. 'ನನಗೆ ಮಾತ್ರ' ಅಂತ ಬದಲಿಸಿ. ಇಲ್ಲವೇ ಮನೆಯ ಸುತ್ತಲಿನ ಭಾಗ ಮರೆಮಾಡಿ.

ಕೊನೆಗೆ, ಸ್ಟಾಪ್ ಒತ್ತಿ. ನಾವು ಒಂದು ದಿನ ಮರೆತು ಕೆರೆಯಿಂದ ಸೀದಾ ಸ್ಕೂಟರ್ ಹತ್ತಿ ಇಡ್ಲಿಗೆ ಹೋಗಿದ್ದೆವು. ಭಾವನ ಆಪ್ ಅವರು ಗಂಟೆಗೆ 38 ಕಿಲೋಮೀಟರ್ ವೇಗದಲ್ಲಿ ನಡೆದರು ಅಂತ ಪದಕ ಕೊಟ್ಟಿತು. ಹೀಗಾದರೆ ದಾಖಲೆಯನ್ನು ತೆರೆದು, ಎಡಿಟ್‌ನಲ್ಲಿ ಕೊನೆಯ ಭಾಗ ಕತ್ತರಿಸುವ ಸೌಲಭ್ಯ ಇದೆಯಾ ನೋಡಿ. ಇಲ್ಲದಿದ್ದರೆ ಆ ದಿನದ್ದನ್ನು ಅಳಿಸಿಬಿಡಿ, ಸರಾಸರಿ ಕೆಡುವುದಿಲ್ಲ. ನಾನು ಅಳಿಸಲು ಹೋದೆ. ಭಾವ ಫೋನ್ ಕಿತ್ತುಕೊಂಡರು. ಆ ಪದಕ ಇನ್ನೂ ಅಲ್ಲೇ ಇದೆ.